ಸೋವಿಯತ್ ಕ್ಯಾಮೆರಾಗಳೂ ತೆಂಗಿನ ಕಾಂಡವೂ

ತಿಪಟೂರಿನ ಮಾರುಕಟ್ಟೆಯನ್ನು ಬಲ್ಲವರು ಕಾಯಿಯ ಹೊರಗಾತ್ರಕ್ಕೆ ಮರುಳಾಗುವುದಿಲ್ಲ. ಸಿಪ್ಪೆ ದಪ್ಪವಾಗಿದ್ದ ಮಾತ್ರಕ್ಕೆ ಒಳಗಿನ ಕೊಬ್ಬರಿಯೂ ದೊಡ್ಡದಾಗಿರಬೇಕೆಂಬ ನಿಯಮವಿಲ್ಲ. ಹಳೆಯ ಸೋವಿಯತ್ ಕ್ಯಾಮೆರಾಗಳನ್ನು ಕೊಳ್ಳಹೊರಟವರಿಗೂ ಇದೇ ವಿವೇಕ ಬೇಕು. ಫಿಲ್ಮಿನ ಕ್ಯಾಮೆರಾಗಳತ್ತ ಕೆಲವು ತರುಣರು ಮತ್ತೆ ಒಲಿದಿರುವ ಈ ದಿನಗಳಲ್ಲಿ, ಚಿಕ್ಕದು ಯಾವುದು ಎಂಬುದೇ ಅವರ ಮೊದಲ ಪ್ರಶ್ನೆ. ಆದರೆ ಒಂದು ಸುರುಳಿಗೆ ದೊರೆಯುವುದು ಸಾಮಾನ್ಯವಾಗಿ 36 ಚಿತ್ರಗಳು ಮಾತ್ರ. ಅಜ್ಜಿಯ ಮುಖ ಮಸುಕಾಗಿದೆಯೆಂದು ತಿಳಿಯುವುದು ಫಿಲ್ಮ್ ತೊಳೆದ ಮೇಲೆ. ಆದ್ದರಿಂದ ಗಾತ್ರದ ಹಿಂದಿನ ಕಾರಣವನ್ನು ಅರಿತುಕೊಳ್ಳುವುದು ಲೇಸು.

ಇವುಗಳಲ್ಲಿ ಮೂರು ಮನೆತನಗಳು ಮುಖ್ಯವಾದುವು. ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್‌ನಲ್ಲಿ 1948ರಿಂದ ತಯಾರಾದ ಜೋರ್ಕಿ, ಖಾರ್ಕೊವ್ ನಗರದ ಫೆಡ್ – ಇವೆರಡಕ್ಕೂ ಜರ್ಮನಿಯ ಲೈಕಾ ಮಾದರಿ. 1947ರಲ್ಲಿ ಆರಂಭವಾದ ಕೀವ್, ಜರ್ಮನಿಯದೇ ಆದ ಕಾಂಟ್ಯಾಕ್ಸ್‌ನ ಸಂತತಿ. ಮೂರರಲ್ಲಿಯೂ ಫಿಲ್ಮಿನ ಚೌಕಟ್ಟು ಒಂದೇ: 24 × 36 ಮಿಲಿಮೀಟರ್. ಕ್ಯಾಮೆರಾ ಹಿಗ್ಗಿದರೆ ಚಿತ್ರ ಹಿಗ್ಗುವುದಿಲ್ಲ.

ಮೊದಲ ಜೋರ್ಕಿಯ ಉದ್ದ ಸುಮಾರು 13 ಸೆಂಟಿಮೀಟರ್. ಇಂಡಸ್ಟಾರ್ ಮಸೂರವನ್ನು ಒಳಕ್ಕೆ ತಳ್ಳಿದರೆ ಅದು ಕೋಟಿನ ಜೇಬಿನಲ್ಲಿ ಅಡಗುತ್ತದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು! ಆದರೆ ಫಿಲ್ಮನ್ನು ತಳದಿಂದಲೇ ತೂರಿಸಬೇಕು, ಅದರ ಮೊದಲ ತುದಿಯನ್ನು ಕತ್ತರಿಯಿಂದ ನೀಳವಾಗಿ ಕತ್ತರಿಸಿಕೊಳ್ಳಬೇಕು. 1955ರ ಫೆಡ್-2 ಮತ್ತು ಕೀವ್ ಸುಮಾರು 14 ಸೆಂಟಿಮೀಟರ್ ಉದ್ದ. ಇವುಗಳ ಹಿಂಬದಿಯೇ ಕಳಚಿ ಬರುವುದರಿಂದ ಆ ತೊಡಕಿಲ್ಲ. ಬೆಳಕುಮಾಪಕವನ್ನು ಹೊತ್ತ ಕೀವ್-4ರ ನೆತ್ತಿ ಎತ್ತರ. ಅದಿಲ್ಲದ 4ಎ ಕೊಂಚ ತಗ್ಗು.

ಗಾತ್ರಕ್ಕಿಂತ ಮುಖ್ಯವಾದುದು ರೇಂಜ್‌ಫೈಂಡರ್, ಎಂದರೆ ದೂರಮಾಪಕ. ಎರಡು ಕಿಂಡಿಗಳಿಂದ ಬಂದ ಬಿಂಬಗಳನ್ನು ಅದು ಒಂದೇ ಕಣ್ಣಿಗೆ ತೋರಿಸುತ್ತದೆ. ಮಸೂರವನ್ನು ತಿರುಗಿಸುತ್ತ ಹೋದಂತೆ ಅವೆರಡೂ ಕೂಡಿಕೊಂಡರೆ ದೂರ ಹೊಂದಿತೆಂದು ತಿಳಿಯಬೇಕು. ಕಿಂಡಿಗಳ ಅಂತರ ಹೆಚ್ಚಿದಷ್ಟೂ ಅಳತೆ ಸೂಕ್ಷ್ಮವಾಗುತ್ತದೆ. ಈ ಅಂತರ ಜೋರ್ಕಿಯಲ್ಲಿ ಸುಮಾರು 38 ಮಿಲಿಮೀಟರ್, ಫೆಡ್-2ರಲ್ಲಿ 67, ಕೀವ್‌ನಲ್ಲಿ 90. ಬಿಂಬವನ್ನು ಎಷ್ಟು ಹಿಗ್ಗಿಸಿ ತೋರಿಸುತ್ತದೆಂಬುದೂ ಲೆಕ್ಕಕ್ಕೆ ಬರುತ್ತದೆ. ಕೀವ್‌ನ ಹೊರಕಿಂಡಿ ತೀರ ಅಂಚಿನಲ್ಲಿರುವುದರಿಂದ ಬಲಗೈ ಬೆರಳು ಅದನ್ನು ಸುಲಭವಾಗಿ ಮುಚ್ಚಿಬಿಡುವುದೂ ಉಂಟು.

ಹಾಗಾದರೆ ದೊಡ್ಡದೆಲ್ಲವೂ ಉತ್ತಮವೇ? ಇಲ್ಲ. 1956ರಲ್ಲಿ ಬಂದ ಜೋರ್ಕಿ-4 ಮೊದಲ ಜೋರ್ಕಿಗಿಂತ ಸ್ಥೂಲವಾದರೂ ಕಿಂಡಿಗಳ ಅಂತರ ಹಿಂದಿನಷ್ಟೇ. 1961ರ ಫೆಡ್-3ರಲ್ಲಿ ಮಂದವೇಗದ ಷಟರ್ ಯಂತ್ರ ಸೇರಿ ದೇಹ ಎತ್ತರವಾಯಿತು. ಅಂತರವೋ 67ರಿಂದ ಸುಮಾರು 41ಕ್ಕೆ ಇಳಿಯಿತು.

ಕೊಳ್ಳುವ ಮೊದಲು ಪರೀಕ್ಷಿಸಲು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗಿಂತ ಅನುಕೂಲವಾದ ಜಾಗ ಬೇಕೆ? ದೂರಮಾಪಕದ ಬಿಂಬಗಳು ಅಡ್ಡಲಾಗಿ ಸರಿಯುವುದರಿಂದ ಅದಕ್ಕೆ ನೆಟ್ಟನೆಯ ಗೆರೆ ಬೇಕು. ತೆಂಗಿನ ಕಾಂಡವೇ ಆ ಗೆರೆ. ಶಿಫಾರಸಿನಂತೆ ನೆಟ್ಟ ಸಾಲಿನಲ್ಲಿ ಮರದಿಂದ ಮರಕ್ಕೆ ಸುಮಾರು 9 ಮೀಟರ್. ಮಸೂರದ ಮೇಲಿನ ಅಂಕಿಗಳೂ ಮೀಟರಿನವೇ. ಒಂದು ಮರದ ಪಕ್ಕ ನಿಂತು ಮುಂದಿನದನ್ನು ನೋಡಿ. ಬಳಿಕ ಟೇಪು ಹಿಡಿದು 2 ಮೀಟರಿಗೆ ಬನ್ನಿ. ಮುಖಚಿತ್ರ ತೆಗೆಯುವ ಈ ಸಮೀಪದಲ್ಲಿಯೇ ತಪ್ಪು ಹೆಚ್ಚು ಬಾಧಿಸುವುದು. ಕೊನೆಗೆ ಬಹುದೂರದ ಮರವೊಂದನ್ನು ನೋಡಿದಾಗ, ಮಸೂರ ಅನಂತದ ಗುರುತಿನಲ್ಲಿ ನಿಂತು ಬಿಂಬಗಳೆರಡೂ ಒಂದಾಗಬೇಕು. ಇಷ್ಟಾದ ಮೇಲೆ ಒಂದು ಸುರುಳಿ ತೆಗೆದು ತೊಳೆಸಿದರೆ ಸಂದೇಹ ಪರಿಹಾರ.

ಜೇಬಿಗೆ ಒಗ್ಗುವುದೇ ಮುಖ್ಯವಾದವರಿಗೆ ಮೊದಲ ಜೋರ್ಕಿ. ಮನೆಮಂದಿಯ ಮುಖಗಳನ್ನು ಹತ್ತಿರದಿಂದ ಹಿಡಿಯಬೇಕೆನ್ನುವವರಿಗೆ ಫೆಡ್-2 ಅಥವಾ ಕೀವ್. ಯಾವುದಾದರೂ ಸರಿ, ಕಾಂಡ ಎರಡಾಗಿಯೇ ಉಳಿದರೆ ರಿಪೇರಿಯ ಖರ್ಚನ್ನೂ ಬೆಲೆಗೆ ಕೂಡಿಸಿ ಯೋಚಿಸುವುದು ಜಾಣತನ.