ನೆನೆದ ಪಾಸ್‌ಪೋರ್ಟು: ಹೊಸದು ಮಾಡಿಸಬೇಕೆ?

ಸೋರುವ ಮಾಡಿನ ಕೆಳಗಿಟ್ಟ ಪೆಟ್ಟಿಗೆಯಲ್ಲಿ ಪಾಸ್‌ಪೋರ್ಟು ನೆನೆಯುವುದುಂಟು. ಕೆಲಸಕ್ಕೆಂದು ಗಲ್ಫಿಗೆ ಹೊರಟವರು ಅದನ್ನು ಒಣಗಿಸಿ ಹಾಗೆಯೇ ಒಯ್ಯಬಹುದೆ?

ಮೊದಲು ಭಾವಚಿತ್ರದ ಪುಟವನ್ನು ನೋಡಿರಿ. ಅದರ ಅಡಿಯಲ್ಲಿ ತಲಾ 44 ಅಕ್ಷರ, ಚಿಹ್ನೆಗಳ ಎರಡು ಸಾಲುಗಳಿವೆ; ಅವನ್ನು ಓದುವುದು ಯಂತ್ರ. ಆ ಸಾಲುಗಳು ಮಸುಕಾಗಿದ್ದರೆ, ಹೊಲಿಗೆ ಬಿಟ್ಟಿದ್ದರೆ, ವೀಸಾದ ಶಾಯಿ ಹರಡಿದ್ದರೆ ಹೊರಡಬೇಡಿರಿ. ನೆನೆದ ಬೀಜವನ್ನು ಬಿತ್ತಿ ನೋಡಬಹುದು, ಹೋದರೆ ಒಂದು ಮಡಿ ಹೋದೀತು. ಇಲ್ಲಿ ಮಂಗಳೂರಿನ ವಿಮಾನ ನಿಲ್ದಾಣದಲ್ಲೇ ತಡೆದರೆ ಟಿಕೆಟ್ಟಿನ ಹಣವೂ ಕೆಲಸವೂ ಹೋದಾವು. ಅಂಚಿನಲ್ಲಿ ಮಾತ್ರ ಕಲೆಯೆ? ದಿನಗಳು ಕೈಯಲ್ಲಿದ್ದರೆ ಆಗಲೂ ಬದಲಿಸುವುದೇ ಮೇಲೆಂದು ನಾನು ಹೇಳುವೆನು.

‘ಹಾಳಾಗಿದೆ’ ಎಂಬ ಕಾರಣ ತೋರಿಸಿ ಆನ್‌ಲೈನಿನಲ್ಲಿ ಮರುವಿತರಣೆಗೆ ಅರ್ಜಿ ಹಾಕಿರಿ. ಹಳೆಯದನ್ನು ಎಸೆಯದೆ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಒಯ್ಯಿರಿ. ಹೊಸದಕ್ಕೆ ಬೇರೆ ಸಂಖ್ಯೆ ಬರುತ್ತದೆ. ವೀಸಾ ಹಳೆಯ ಸಂಖ್ಯೆಯಲ್ಲಿದ್ದರೆ ಕೆಲಸ ಕೊಟ್ಟವರಿಗೆ ಮೊದಲೇ ತಿಳಿಸಿರಿ.