ಸಾಬೂನಿನ ಸಂಗವೂ ರಾಸಾಯನಿಕ ಕ್ರಿಯೆಯ ವೇಗವೂ

ಎಣ್ಣೆಯೂ ನೀರೂ ಒಂದಾಗವೆಂಬುದನ್ನು ಅರಿಯದ ಗೃಹಿಣಿಯಿಲ್ಲ. ಸೀಗೆಯೋ ಅಂಟುವಾಳವೋ ಸಾಬೂನೋ ನಡುವೆ ಬಂದೊಡನೆ ಆ ವೈರವು ಶಮನವಾಗುವುದೂ ಎಲ್ಲರಿಗೆ ತಿಳಿದುದೇ. ಆದರೆ ಈ ಸಂಧಿಕಾರ್ಯವು ಕೊಳೆಯನ್ನು ಕಳೆಯುವುದರಲ್ಲಿಯೇ ಮುಗಿಯತಕ್ಕದ್ದಲ್ಲ. ನೀರಿನಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಅದು ತ್ವರೆಗೊಳಿಸಲೂ ಬಲ್ಲುದು, ತಡೆಯಲೂ ಬಲ್ಲುದು. ಅದರ ಬಗೆಯನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡುತ್ತೇವೆ.

ಸಾಬೂನಿನ ಅಣುವಿಗೆ ನೀರನ್ನು ಬಯಸುವ ತಲೆಯೊಂದು, ನೀರನ್ನೊಲ್ಲದ ನೀಳವಾದ ಬಾಲವೊಂದು. ಇಂತಹ ಅಣುಗಳು ವಿರಳವಾಗಿದ್ದಾಗ ಒಂಟಿಯಾಗಿರುವುವು. ಒಂದು ಮಿತಿಯನ್ನು ಮೀರಿದೊಡನೆ ಬಾಲಗಳನ್ನು ಒಳಗೂ ತಲೆಗಳನ್ನು ಹೊರಗೂ ಇಟ್ಟು ಗುಂಪುಗೂಡುವುವು. ಈ ಗುಂಪಿಗೆ ಮೈಸೆಲ್ ಎಂದು ಹೆಸರು. 1913ರಲ್ಲಿ ಈ ಕಲ್ಪನೆಯನ್ನು ವಿದ್ವಾಂಸರ ಮುಂದಿಟ್ಟವನು ಮೆಕ್‌ಬೇನ್ ಎಂಬ ರಸಾಯನಜ್ಞನು. ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಮಾರ್ಜಕವು ಒಂದು ಲೀಟರ್ ನೀರಿನಲ್ಲಿ ಸುಮಾರು 2.3 ಗ್ರಾಂ ಆದಾಗ ಮೈಸೆಲ್‌ಗಳು ಹುಟ್ಟುವುವು. ಒಂದೊಂದರಲ್ಲಿಯೂ ಸುಮಾರು 60 ಅಣುಗಳು. ಅಡ್ಡಳತೆಯೋ, ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 4 ಪಾಲು ಮಾತ್ರ.

ಗಾಯಕ್ಕೆ ಹಚ್ಚುವ ಊದಾಬಣ್ಣದ ಮದ್ದನ್ನು ವಾಚಕರು ಕಂಡಿರಬಹುದು. ಅದರ ಮುಖ್ಯ ದ್ರವ್ಯ ಕ್ರಿಸ್ಟಲ್ ವಯೊಲೆಟ್. ಕ್ಷಾರವನ್ನು ಬೆರೆಸಿದರೆ ಕ್ಷಾರದ ಋಣಕಣವು ಇದರ ಧನಕಣದೊಡನೆ ಕೂಡಿ, ಬಣ್ಣವು ಮೆಲ್ಲಮೆಲ್ಲನೆ ಮಾಸುವುದು. ಈ ಜಾತಿಯ ಬಣ್ಣಗಳನ್ನು ಡೌನ್‌ಸ್ಟೀ ಮತ್ತು ಗ್ರುನ್‌ವಾಲ್ಡ್ ಎಂಬವರು ಪರೀಕ್ಷಿಸಿ 1959ರಲ್ಲಿ ಫಲವನ್ನು ಪ್ರಕಟಿಸಿದರು. ಧನ ವಿದ್ಯುತ್ತಿನ ತಲೆಯುಳ್ಳ ಮೈಸೆಲ್‌ಗಳಿದ್ದರೆ ಬಣ್ಣವು ಬೇಗನೆ ಮಾಸಿತು. ಋಣ ವಿದ್ಯುತ್ತಿನವುಗಳಿದ್ದರೆ ಬಹಳ ನಿಧಾನವಾಯಿತು.

ಇದಕ್ಕೆ ಕಾರಣವೇನು? ಬಣ್ಣದ ಅಣುವು ಎಣ್ಣೆಯ ಸ್ವಭಾವವನ್ನೂ ಉಳ್ಳುದಾದ್ದರಿಂದ ಎರಡು ಬಗೆಯ ಮೈಸೆಲ್‌ಗಳಲ್ಲಿಯೂ ಆಶ್ರಯ ಪಡೆಯುವುದು. ಕ್ಷಾರದ ಕಣವಾದರೋ ಧನದ ಕಡೆಗೆ ಸೆಳೆಯಲ್ಪಡುವುದು, ಋಣದಿಂದ ದೂರ ತಳ್ಳಲ್ಪಡುವುದು. ಹೀಗೆ ಒಂದೆಡೆ ಇಬ್ಬರೂ ಇಕ್ಕಟ್ಟಾದ ಜಾಗದಲ್ಲಿ ಸಂಧಿಸುವರು. ಇನ್ನೊಂದೆಡೆ ಬಾಗಿಲಲ್ಲಿಯೇ ಅಗಲುವರು. ವೇಗದ ಮರ್ಮವು ಬಹುಮಟ್ಟಿಗೆ ಈ ಸಾನ್ನಿಧ್ಯವೇ. ಆದರೆ ಮಾರ್ಜಕವನ್ನು ಹೆಚ್ಚಿಸುತ್ತ ಹೋದಂತೆ ವೇಗವು ಒಂದು ಶಿಖರವನ್ನು ಮುಟ್ಟಿ ಮತ್ತೆ ಇಳಿಯುವುದು. ಏಕೆಂದರೆ ಮನೆಗಳು ಹೆಚ್ಚಾದಷ್ಟೂ ನಿವಾಸಿಗಳು ಚದರಿಹೋಗುವರು. ಅತಿಯು ಇಲ್ಲಿಯೂ ಸಲ್ಲದು.

ಇದು ಕೇವಲ ಕುತೂಹಲದ ವಿಷಯವಲ್ಲ. ಔಷಧಗಳ ತಯಾರಿಕೆಯಲ್ಲಿ ಹುಟ್ಟುವ ತ್ಯಾಜ್ಯದ ಬಹುಪಾಲು ದ್ರಾವಕಗಳೇ. ಅವುಗಳಲ್ಲಿ ಅನೇಕವು ಉರಿಯುವಂಥವು, ವಿಷಯುಕ್ತವಾದುವು. 2011ರಲ್ಲಿ ಅಮೆರಿಕದ ಲಿಪ್‌ಶುಟ್ಜ್ ಎಂಬ ರಸಾಯನಜ್ಞನೂ ಅವನ ಸಂಗಡಿಗರೂ 'ಇ' ಜೀವಸತ್ವದಿಂದ ರಚಿಸಿದ ಮಾರ್ಜಕವೊಂದನ್ನು ಪ್ರಕಟಿಸಿದರು. ಅದರ ಸಹಾಯದಿಂದ, ಹಿಂದೆ ಇಂತಹ ದ್ರಾವಕಗಳಲ್ಲಿಯೇ ನಡೆಸುತ್ತಿದ್ದ ಹಲವು ಕ್ರಿಯೆಗಳನ್ನು ಬೆಚ್ಚನೆಯ ಕೋಣೆಯ ಶಾಖದಲ್ಲಿ, ನೀರಿನಲ್ಲಿಯೇ ನಡೆಸಬಹುದಾಯಿತು. ಬಳಸಿದ ನೀರನ್ನು ಶುದ್ಧಿಗೊಳಿಸುವ ಹೊಣೆಯು ಮಾತ್ರ ತಪ್ಪದು. ನಮ್ಮ ಬಾವಿಗಳೂ ಹೊಳೆಗಳೂ ನಿರ್ಮಲವಾಗಿ ಉಳಿಯಬೇಕಾದರೆ, ಮದ್ದು ಎಷ್ಟು ಬೇಗ ಸಿದ್ಧವಾಯಿತೆಂದು ಕೇಳಿದರೆ ಸಾಲದು. ಅದನ್ನು ಮಾಡಿ ಉಳಿದುದು ಎಲ್ಲಿಗೆ ಹರಿಯಿತೆಂದೂ ಕೇಳತಕ್ಕದ್ದು.