ಮಣ್ಣಿನ ಹಂಗಿಲ್ಲದ ಹಸಿರು

ಬೆಂಗಳೂರಿನ ಮೂರನೇ ಮಹಡಿ, ಪೂರ್ವಕ್ಕೆ ತೆರೆದ ಬಾಲ್ಕನಿ. ಗ್ರಿಲ್ಲಿಗೆ ಅಡ್ಡಲಾಗಿ ಕಟ್ಟಿದ ಒಣ ಪೇರಲ ಕೊಂಬೆ. ಅದರ ಕವಲುಗಳಲ್ಲಿ ಅಂಗೈಯೊಳಗೆ ಹಿಡಿಯುವಷ್ಟು ಪುಟ್ಟ ಗಿಡಗಳು ಕೂತಿವೆ. ಕುಂಡವಿಲ್ಲ, ಮಣ್ಣಿಲ್ಲ. ಬುಡದಲ್ಲಿ ನಾಲ್ಕಾರು ಕಂದು ಬೇರಿನ ಎಳೆಗಳಿವೆ. ಅವೂ ಕೊಂಬೆಯನ್ನು ಹಿಡಿದುಕೊಳ್ಳಲಿಕ್ಕೆ ಮಾತ್ರ. ಪಕ್ಕದ ಮೊಳೆಯಿಂದ ಸ್ಪ್ಯಾನಿಷ್ ಮಾಸ್ ಬೂದು ಜಡೆಯಾಗಿ ಇಳಿಬಿದ್ದು, ಗಾಳಿ ಬೀಸಿದತ್ತ ವಾಲುತ್ತದೆ.

ಸಾಗರದ ಕಡೆಯಿಂದ ಬಂದ ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. “ಇದು ಬಂದಳಿಕೆ ಅಲ್ದಾ? ಕೊಂಬೇನೇ ಒಣಗಿಸ್ತದೆ ನೋಡು.” ಬಂದಳಿಕೆ ಹತ್ತಿ ಮಾವಿನ ಮರ ಸೊರಗಿದ್ದನ್ನು ಕಂಡವರ ಭಯ ಅದು. ಬಂದಳಿಕೆ ಕೊಂಬೆಯೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಇವು ಕೇಳುವುದು ಕೂರಲು ಜಾಗ, ಅಷ್ಟೇ. ಅವರ ಅಂಗಳದ ಹಲಸಿನ ಮರದಲ್ಲಿ ನೇರಳೆ ಚುಕ್ಕಿಯ ಹೂಗೊಂಚಲು ಇಳಿಬಿಡುವ ಸೀತಾಳೆ ದಂಡೆಯನ್ನು ನೆನಪಿಸಿದ ಮೇಲೆ ಅತ್ತೆಗೆ ಸಮಾಧಾನವಾಯಿತು. ಆದರೆ ಆ ಆರ್ಕಿಡ್ ನಮ್ಮ ಘಟ್ಟದ್ದು. ಏರ್ ಪ್ಲಾಂಟ್ ಎಂದು ನರ್ಸರಿಗಳಲ್ಲಿ ಮಾರುವ ಈ ಟಿಲಾಂಡ್ಸಿಯಾ ಅಮೆರಿಕ ಖಂಡಗಳದ್ದು, ಅನಾನಸ್ಸಿನ ಬಳಗ. ಮೆಕ್ಸಿಕೊ, ಗ್ವಾಟೆಮಾಲಾಗಳಲ್ಲಿ ಮರದ ಮೇಲೆ ಬೆಳೆಯುವ ಜಾತಿಗಳಿವೆ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಬರಿ ಮರಳಿನ ಮೇಲೆ ಕೂತು, ಕಡಲಿನಿಂದ ಏರಿ ಬರುವ ಮಂಜನ್ನೇ ಕುಡಿದು ಬದುಕುವವೂ ಇವೆ.

ಎಲೆಯ ಮೇಲಿನ ಬೆಳ್ಳಿ ಬೂದು ಬಣ್ಣವನ್ನು ಧೂಳೆಂದು ಒರೆಸಬಾರದು. ಅದು ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಹೊಟ್ಟುಗಳ ಹೊದಿಕೆ. ಒಣಗಿದ್ದಾಗ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವುದೂ, ನೆನೆದಾಗ ನೀರನ್ನು ಒಳಕ್ಕೆ ಸೆಳೆಯುವುದೂ ಅದರದೇ ಕೆಲಸ. ಭಾನುವಾರ ಬೆಳಗಿನ ಸ್ನಾನದ ಹೊತ್ತಿಗೆ ಇದನ್ನು ಕಣ್ಣಾರೆ ನೋಡಬಹುದು. ಬೇಸಿನ್ನಿನಲ್ಲಿ ಹಿಡಿದಿಟ್ಟ ಮಳೆನೀರು. ಗಿಡವನ್ನು ಮುಳುಗಿಸುತ್ತಿದ್ದಂತೆ ಎಲೆಗಳ ಸಂದಿಯಿಂದ ಗುಳ್ಳೆಗಳು ಏಳುತ್ತವೆ. ನೋಡನೋಡುತ್ತ ಬೂದು ಕರಗಿ, ಒಳಗಿದ್ದ ಹಸಿರು ಮೇಲೆ ಬರುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಬೋರ್‌ವೆಲ್ಲಿನ ಗಡಸು ನೀರಾದರೆ ಉಪ್ಪು ಎಲೆಯ ಮೇಲೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ.

ಇನ್ನು ಮುಂದಿನದೇ ನಿಜವಾದ ಆರೈಕೆ. ಗಿಡವನ್ನು ತಲೆಕೆಳಗು ಮಾಡಿ ಮೆಲ್ಲಗೆ ಕೊಡವಬೇಕು. ಎಲೆಗಳ ನಡುವೆ ನಿಂತ ನೀರೆಲ್ಲ ಇಳಿಯಬೇಕು. ಹಳೆಯ ಪಂಚೆಯ ಮೇಲೆ ಹಾಗೇ ಬೋರಲು ಹಾಕಿ, ಗಾಳಿಯಾಡುವಲ್ಲಿ ಮೂರು ನಾಲ್ಕು ಗಂಟೆ ಬಿಡಬೇಕು. ನೀರು ಸಾಲದ ಏರ್ ಪ್ಲಾಂಟ್ ಎಲೆ ಸುರುಳಿಸಿ ಮೊದಲೇ ಹೇಳುತ್ತದೆ, ನೆನೆಸಿದರೆ ಚೇತರಿಸಿಕೊಳ್ಳುತ್ತದೆ. ನೀರು ನಿಂತದ್ದು ಹೇಳದೆ ಕೊಳೆಯುತ್ತದೆ. ಗೊತ್ತಾಗುವ ಹೊತ್ತಿಗೆ ನಡುವಿನ ಎಲೆ ಮುಟ್ಟಿದರೆ ಕೈಗೇ ಬರುತ್ತದೆ. ಅದಕ್ಕೇ ಮುಚ್ಚಿದ ಗಾಜಿನ ಬುರುಡೆಯಲ್ಲಿ ಇವನ್ನಿಟ್ಟು ಉಡುಗೊರೆ ಕೊಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಾಮ್ರದ ತಂತಿಯಲ್ಲಿ ಕಟ್ಟುವುದೂ ಬೇಡ, ತಾಮ್ರ ಇವುಗಳಿಗೆ ವಿಷ.

ಸ್ನಾನ ಬೆಳಗ್ಗೆಯೇ ಆಗಬೇಕೆಂಬುದಕ್ಕೂ ಕಾರಣವಿದೆ. ಹಗಲಿನಲ್ಲಿ ನೀರು ಆರಿಹೋಗದಂತೆ ಈ ಗಿಡಗಳು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ. ಎಲೆಯ ಮೇಲೆ ನೀರಿನ ಪದರ ಕೂತರೆ ಆ ಉಸಿರಿಗೇ ತಡೆ. ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ ವಾರಕ್ಕೆರಡು ಸಲ ನೆನೆಸಬೇಕು. ಜುಲೈನ ಜಿಟಿಜಿಟಿ ಶುರುವಾದರೆ ಕಡಿಮೆ ಮಾಡಬೇಕು. ಎಳೆಬಿಸಿಲು ಒಳ್ಳೆಯದು, ನಡುಮಧ್ಯಾಹ್ನದ ಬಿಸಿಲು ಸುಡುತ್ತದೆ.

ಅಯೊನಾಂಥಾ ಎಂಬ ಪುಟ್ಟ ಜಾತಿ ಹೂವಿಗೆ ಬರುವಾಗ ಇಡೀ ಬಾಲ್ಕನಿಯ ನೋಟ ಅದರ ಕಡೆಗೇ. ನಡುವಿನ ಎಲೆಗಳು ಒಂದೊಂದಾಗಿ ಕೆಂಪೇರುತ್ತವೆ. ಆಮೇಲೆ ಆ ಕೆಂಪಿನ ನಡುವಿನಿಂದ ನೇರಳೆ ಬಣ್ಣದ ಸಪೂರ ಕೊಳವೆ ಹೂ, ತುದಿಯಲ್ಲಿ ಹಳದಿ ಪರಾಗ. ಹೂವಿನ ಬಾಳು ಕೆಲವೇ ದಿನ. ಒಮ್ಮೆ ಹೂಬಿಟ್ಟ ಗಿಡ ಮತ್ತೆ ಹೂ ಬಿಡುವುದಿಲ್ಲ. ಬುಡದಲ್ಲಿ ಮರಿಗಳನ್ನು ಹುಟ್ಟಿಸಿ, ತಿಂಗಳುಗಟ್ಟಲೆ ಅವನ್ನು ಸಾಕಿ ಒಣಗುತ್ತದೆ. ಬಾಡುತ್ತಿದೆಯೆಂದು ತಾಯಿಯನ್ನು ಎಸೆಯಬೇಡಿ. ಮರಿ ತಾಯಿಯ ಮೂರನೇ ಒಂದು ಭಾಗವಾದರೂ ಆದ ಮೇಲೆ ಬಿಡಿಸಬಹುದು. ಬಿಡಿಸದಿದ್ದರೆ ಗುಂಪಾಗಿ ಇನ್ನೂ ಚೆಂದ.

ಕೊಳ್ಳುವಾಗ ನರ್ಸರಿಯಲ್ಲೇ ಬೆಳೆಸಿದ್ದೇ ಎಂದು ಕೇಳಿ. ಕಾಡಿನಿಂದ ಕಿತ್ತು ಮಾರಿದ್ದರಿಂದಲೇ ಗ್ವಾಟೆಮಾಲಾದ ಜೆರೊಗ್ರಾಫಿಕಾ ಜಾತಿಯ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧ ಬಂತು. ಮಲೆನಾಡಿಗೆ ಹೋದಾಗಲೂ ಅಷ್ಟೇ: ಸೀತಾಳೆ ದಂಡೆಯನ್ನು ಮರದ ಮೇಲೆ ನೋಡಿ ಬನ್ನಿ, ಕಿತ್ತು ತರಬೇಡಿ.